ಹನ್ನೆರಡು ದಿನ ಅಂಗಾತ

ಶಸ್ತ್ರಕ್ರಿಯೆಯ ವಾರ್ಡುಗಳಿಗೆ ನಿಯಮ ಬರೆಯುವ ಅಧಿಕಾರಿಗಳಿಗೆ,

ಮಾನ್ಯರೇ, ಹಾಗೂ ಈ ಕಾಗದವನ್ನು ಮಾನ್ಯರಿಗಿಂತ ಮೊದಲು ಓದಿ ಬದಿಗಿಡುವ ಗುಮಾಸ್ತರೇ,

ನಿಮ್ಮದೊಂದು ನಿಯಮ ನನ್ನ ಅಕ್ಕನ ಪ್ರಾಣ ತೆಗೆದಿದೆ. ಅದೇ ನಿಯಮಕ್ಕೆ ಹೆದರಿ ಈಗ ನನ್ನ ಭಾವ ಶಸ್ತ್ರಕ್ರಿಯೆಗೆ ಒಲ್ಲೆನೆಂದು ಮನೆಯಲ್ಲಿ ಕೂತಿದ್ದಾನೆ. ಅವನಿಗೆ ಹರ್ನಿಯಾ. ತೊಡೆಯ ಸಂದಿನಲ್ಲಿ ಕರುಳು ಇಳಿದು ಎರಡು ಸಲ ಸಿಕ್ಕಿಕೊಂಡಿದೆ. ಮೂರನೆಯ ಸಲ ಸಿಕ್ಕಿಕೊಂಡರೆ ಬಿಡಿಸಲು ಆಗಲಿಕ್ಕಿಲ್ಲ ಎಂದು ನಿಮ್ಮದೇ ಡಾಕ್ಟರರು ಹೇಳಿ, ಜೂನ್ ೧೭ನೇ ತಾರೀಖು ಗುರುವಾರ ಕೊಯ್ಯುವುದೆಂದು ದಿನ ಗೊತ್ತುಮಾಡಿದ್ದಾರೆ. ಆ ದಿನದೊಳಗೆ ನನಗೆ ನಿಮ್ಮ ಸಹಿಯ ಎರಡು ಸಾಲಿನ ಹುಕುಂ ಬೇಕು. ಅದಕ್ಕಾಗಿ ಎರಡು ಅರ್ಜಿ ಕಳಿಸಿದೆ. ಮೊದಲನೆಯದು 'ವಿಷಯ ಯಾವ ಶಾಖೆಗೆ ಸಂಬಂಧಿಸಿದ್ದೆಂದು ತಿಳಿಸಿ' ಎಂಬ ಷರಾದೊಡನೆ ಮರಳಿ ಬಂತು. ಸಾವು ಯಾವ ಶಾಖೆಗೆ ಸಂಬಂಧಿಸಿದ್ದೆಂದು ನನಗೆ ತಿಳಿಯದ ಕಾರಣ ಎರಡನೆಯದರಲ್ಲಿ ಎಲ್ಲವನ್ನೂ ಬಿಡಿಸಿ ಬರೆದೆ. ಅದು ಮರಳಿಯೂ ಬರಲಿಲ್ಲ. ಆದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ನೀವು ಓದದಿದ್ದರೆ ನಾಳೆ ನಿಮ್ಮ ವಾರ್ಡಿನಲ್ಲಿ ಮಲಗುವವರಾದರೂ ಓದಲಿ.

ನಿಯಮ ಯಾವುದೆಂದು ನಿಮಗೆ ನೆನಪಿರಲಿಕ್ಕಿಲ್ಲ, ನೆನಪಿಡುವ ಕೆಲಸ ಗೋಡೆಗೆ ಸೇರಿದ್ದು. ಹೆಂಗಸರ ವಾರ್ಡಿನ ಬಾಗಿಲ ಬಲಗಡೆ ಗಾಜಿನ ಚೌಕಟ್ಟಿನಲ್ಲಿ ಅದು ಇದೆ, ಉರ್ದುವಿನಲ್ಲಿ, ಫಸಲಿ ೧೩೪೧ರ, ಅಂದರೆ ಇಪ್ಪತ್ತೆರಡು ವರ್ಷ ಹಿಂದಿನ, ದೊರೆಯ ಮೊಹರಿನೊಂದಿಗೆ. 'ಹೊಟ್ಟೆಯ ಶಸ್ತ್ರಕ್ರಿಯೆಯಾದ ರೋಗಿ ಹನ್ನೆರಡು ದಿನ ಅಂಗಾತ ಮಲಗಿರತಕ್ಕದ್ದು. ಮಗ್ಗುಲಾಗುವುದು, ಕಾಲು ಆಡಿಸುವುದು, ಎದ್ದು ಕೂಡುವುದು ನಿಷಿದ್ಧ. ತಪ್ಪಿದರೆ ಸಂಬಂಧಿಕರೇ ಜವಾಬ್ದಾರರು.' ಕೊನೆಯ ಸಾಲು ಬರೆದವರ ಜಾಣತನಕ್ಕೆ ನಮಸ್ಕಾರ. ಆಮೇಲೆ ದೊರೆತನ ಹೋಯಿತು, ಜಾಗೀರುಗಳು ಹೋದವು, ಮೊಹರು ಬದಲಾಯಿತು, ನಾವು ಓಟು ಹಾಕಿದೆವು. ಇಷ್ಟೆಲ್ಲ ಎದ್ದು ಓಡಾಡಿದರೂ ಆ ಒಂದು ನಿಯಮ ಮಾತ್ರ ಇದ್ದಲ್ಲೇ ಅಂಗಾತ ಮಲಗಿದೆ.

ಇನ್ನು ನನ್ನ ಸಾಕ್ಷಿ.

ಅಕ್ಕನ ಹೆಸರು ರತ್ನಾಬಾಯಿ, ಮೂವತ್ತೊಂದು ವರ್ಷ. ಚಿಂಚೋಳಿ ತಾಲೂಕಿನ ಐನಾಪುರಕ್ಕೆ ಕೊಟ್ಟಿತ್ತು. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಊರಿನಲ್ಲಿ ಕೆಲವರು ಬಸಿರು ಎಂದರು, ಕೆಲವರು ಮಾಟ ಎಂದರು, ನಾನು ಶಸ್ತ್ರಕ್ರಿಯೆ ಎಂದೆ. ನಾನು ಕಾಲೇಜು ಕಂಡವನಲ್ಲ. ಉರ್ದು ಶಾಲೆಯಲ್ಲಿ ಕಲಿತು, ಆಮೇಲೆ ಮರಾಠಿ, ಕನ್ನಡ ಯಾವುದರಲ್ಲಿ ಸಿಕ್ಕರೂ ಕರಪತ್ರ ಓದಿ ತಿಳಿದುಕೊಂಡವನು. ಸಿಡುಬಿನ ಲಸಿಕೆ, ಸಹಕಾರಿ ಬೇಸಾಯ, ಬಾವಿಯ ನೀರಿಗೆ ಔಷಧ ಹಾಕುವುದು, ಇವೆಲ್ಲ ನನ್ನ ವೇದ. ಆದ್ದರಿಂದ ಕಳೆದ ಜನವರಿಯಲ್ಲಿ ಅಕ್ಕನನ್ನು ನಾನೇ ಹೊರಡಿಸಿದೆ, ಆರೈಕೆಗೆ ಅವ್ವನೂ ಬಂದಳು. ಸೇಡಂವರೆಗೆ ಬಂಡಿ, ಅಲ್ಲಿಂದ ಚಿತ್ತಾಪುರದ ಮೇಲೆ ವಾಡಿಗೆ ರೈಲು, ವಾಡಿಯಲ್ಲಿ ಇನ್ನೊಂದು ಗಾಡಿ ಹತ್ತಿ ನಿಮ್ಮ ಜಿಲ್ಲಾ ಆಸ್ಪತ್ರೆಗೆ. ಭಾವ ಚಂದ್ರಾಮಪ್ಪ ದಾರಿಯುದ್ದಕ್ಕೂ ಒಂದೇ ಮಾತು ಕೇಳುತ್ತಿದ್ದ.

"ಕೊಯ್ದ ಮ್ಯಾಲ ಮತ್ತ ಹೊಲೀತಾರಲ್ಲ?"

"ಹೊಲೀತಾರ."

"ಗಟ್ಟಿ ಹೊಲೀತಾರೇನು?"

ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು. "ನಾ ಏನ್ ಜ್ವಾಳದ ಚೀಲ ಏನ್ರಿ, ಗಟ್ಟಿ ಹೊಲ್ಯಾಕ?"

ಸೋಮವಾರ ಶಸ್ತ್ರಕ್ರಿಯೆಯಾಯಿತು. ಡಾಕ್ಟರರು ಕೈಯಲ್ಲಿ ಪಿಂಗಾಣಿ ತಟ್ಟೆ ಹಿಡಿದು ಹೊರಗೆ ಬಂದು ಗಡ್ಡೆಯನ್ನು ನಮಗೆ ತೋರಿಸಿದರು. ಅವರ ಕೈಗುಣದ ಬಗ್ಗೆ ನನ್ನ ದೂರೇ ಇಲ್ಲ. ಗಾಯ ಒಣಗಿತು, ಜ್ವರ ಬರಲಿಲ್ಲ, ಹೊಲಿಗೆ ಚೆನ್ನಾಗಿ ಕೂಡಿತು. ಹಾಗೆ ಕೂಡಿದ ಗಾಯದೊಡನೆಯೇ ಅವಳನ್ನು ಮಣ್ಣು ಮಾಡಿದೆವು.

ಬಂದ ಮೊದಲ ದಿನವೇ ನಾನು ಗಾಜಿನ ಚೌಕಟ್ಟಿನ ಮುಂದೆ ನಿಂತು ನಿಮ್ಮ ನಿಯಮ ಓದಿದೆ. ಸುತ್ತಲಿದ್ದ ಹೆಂಗಸರು, ಚಿತ್ತಾಪುರದ ಕಡೆಯವರು, ಶಹಾಬಾದಿನವರು, ಅದರಲ್ಲಿ ಏನಿದೆ ಎಂದು ಕೇಳಿದರು. ಜನರಿಗೆ ತಿಳಿಯದ ಭಾಷೆಯಲ್ಲಿ ಜನರ ಜೀವದ ಮಾತು ಬರೆದಿದ್ದಾರಲ್ಲ ಎಂದು ನನಗೆ ಸಿಟ್ಟು ಬಂತು. ದೊಡ್ಡ ಹಾಳೆ ತರಿಸಿ, ದಪ್ಪ ಮೊನೆಯ ಲೇಖನಿಯಲ್ಲಿ ಇಡೀ ನಿಯಮವನ್ನು ಕನ್ನಡದಲ್ಲಿ ಬರೆದು ಚೌಕಟ್ಟಿನ ಕೆಳಗೆ ಅಂಟಿಸಿದೆ. ಓದಲು ಬಾರದವರಿಗೆ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಓದಿ ಹೇಳಿದೆ. ಆ ವಾರ್ಡಿಗೆ ಕನ್ನಡ ತಂದವನು ನಾನು ಎಂದು ಎದೆ ಉಬ್ಬಿತ್ತು. ತಂದದ್ದು ಏನನ್ನು ಎಂದು ತಿಳಿಯಲು ಐದು ವಾರ ಹಿಡಿಯಿತು.

ನಮ್ಮ ಕಡೆ ಬಾಣಂತಿಯ ಹೊಟ್ಟೆಗೆ ಹಳೆಯ ಸೀರೆ ಬಿಗಿದು ಕಟ್ಟುವುದುಂಟು. ನನ್ನ ಬಾಯಿಂದ ನಿಯಮ ಕೇಳಿದ ಅವ್ವ ಅದನ್ನೇ ಕಾಲಿಗೂ ಮಾಡಿದಳು. ನಿದ್ದೆಗಣ್ಣಿನಲ್ಲಿ ಮಗಳು ಕಾಲು ಝಾಡಿಸಿ ಹೊಲಿಗೆ ಹರಿದುಕೊಂಡಾಳು ಎಂಬ ಅಂಜಿಕೆ. ಮೆತ್ತಗಾದ ತನ್ನ ಹಳೆಯ ಸೀರೆಯಿಂದ ಅಕ್ಕನ ಎರಡೂ ಕಾಲನ್ನು ಜೋಡಿಸಿ ಮೊಣಕಾಲ ಕೆಳಗೆ ಕಟ್ಟಿದಳು, ಮೊಣಕಾಲಿನ ಅಡಿಗೆ ಕೌದಿಯ ಸುರುಳಿ ಇಟ್ಟಳು. ಗಂಟು ಬಿಗಿಯುವಾಗ ಸೆರಗಿನ ಇನ್ನೊಂದು ತುದಿ ಹಿಡಿದವನು ನಾನು. ನರ್ಸಬಾಯಿ ನೋಡಿ ಮೆಚ್ಚಿದರು. "ರೋಗಿ ಮಂದಿ ಅಂದ್ರ ಹಿಂಗಿರಬೇಕು ನೋಡ್ರಿ" ಎಂದು ಉಳಿದವರಿಗೆ ತೋರಿಸಿದರು. ಅಂದು ಸಂಜೆಯ ಹೊತ್ತಿಗೆ ಆ ವಾರ್ಡಿನಲ್ಲಿ ಇನ್ನೂ ಇಬ್ಬರ ಕಾಲಿಗೆ ಕಟ್ಟು ಬಿದ್ದಿತ್ತು.

ಪಕ್ಕದ ಹಾಸಿಗೆಯಲ್ಲಿ ಯಂಕಮ್ಮ ಎಂಬುವಳಿದ್ದಳು. ಶಹಾಬಾದಿನ ಫರಸಿ ಕಲ್ಲಿನ ಗಣಿಯಲ್ಲಿ ಕಲ್ಲು ಹೊರುವವಳು. ಅವಳಿಗೂ ಹೊಟ್ಟೆಯನ್ನೇ ಕೊಯ್ದಿದ್ದರು, ಅಕ್ಕನಿಗಿಂತ ಒಂದು ದಿನ ಹಿಂದೆ. ಗಂಡ ಸೇರಿಸಿ ಕೆಲಸಕ್ಕೆ ಹೋದವನು ಮತ್ತೆ ಬಂದಿರಲಿಲ್ಲ. ಎರಡನೆಯ ದಿನ ಬೆಳಗ್ಗೆ ಅವಳು ಮಂಚದ ಸರಳು ಹಿಡಿದು ಎದ್ದು ನಿಂತದ್ದನ್ನು ನೋಡಿ ನಾನು ಓಡಿಹೋದೆ.

"ಏ ತಾಯಿ, ಏಳಬ್ಯಾಡ. ಬೋರ್ಡಿನ್ಯಾಗ ಏನ್ ಬರ್ದಾರ ನೋಡು."

"ಬೋರ್ಡ್ ನನಗ ನೀರು ತಂದು ಕೊಡ್ತದೇನಪ್ಪಾ?"

"ಹೊಲಿಗಿ ಹರೀತದ."

"ಹರದ್ರ ನನ್ನ ಹೊಟ್ಟಿ ಹರೀತದ, ನಿಂದೇನ್ ಹೋಗ್ತದ?" ಒಂದು ಕೈಯಿಂದ ಹೊಟ್ಟೆ ಒತ್ತಿ ಹಿಡಿದು ಅವಳು ನೀರಿನ ಮಡಕೆಯ ಕಡೆ ನಡೆದೇಬಿಟ್ಟಳು. "ನಿಮ್ಮಕ್ಕನ ಕಾಲು ಕಾಯಾಕ ಮೂರು ಮಂದಿ ಅದೀರಿ. ನನ್ನ ಕಾಲಿಗೆ ನಾನೇ."

ನಾನು ನರ್ಸಬಾಯಿಗೆ ದೂರು ಕೊಟ್ಟೆ. ಅವರು ಬೈದರು. ಯಂಕಮ್ಮ ಬೈಸಿಕೊಂಡು ಮತ್ತೆ ಎದ್ದಳು. ಮೂರನೆಯ ದಿನ ಬಚ್ಚಲಿಗೆ ತಾನೇ ಹೋದಳು, ಐದನೆಯ ದಿನ ವರಾಂಡದ ತುದಿಗೆ ಹೋಗಿ ಬಿಸಿಲಿಗೆ ಕೂತಳು. ಹೊಲಿಗೆ ಬಿಚ್ಚಿದ ಮರುದಿನ ಗಂಟು ಹೊತ್ತು ಹೊರಟಾಗ ಅಕ್ಕನ ಬಳಿ ಬಂದು ಹೇಳಿದಳು: "ಬರ್ತೀನವ್ವಾ. ನೀ ಮಲಗು, ಮಲಗೋ ಪುಣ್ಯಾ ಎಲ್ಲಾರಿಗೂ ಇರಂಗಿಲ್ಲ." ಅಜ್ಞಾನಿ ಹೆಂಗಸು, ಊರಿಗೆ ಹೋಗಿ ಸಾಯುತ್ತಾಳೆ ಎಂದು ನಾನು ಅವ್ವನಿಗೆ ಹೇಳಿದೆ. ಹೌದು, ಇದೇ ಮಾತು ಹೇಳಿದೆ. ಹೋದ ತಿಂಗಳು ಶಹಾಬಾದಿಗೆ ಹೋಗಿ ಅವಳನ್ನು ಹುಡುಕಿ ನೋಡಿ ಬಂದಿದ್ದೇನೆ. ತಲೆಯ ಮೇಲೆ ಫರಸಿ ಹೊತ್ತು ಗಣಿಯ ಮೆಟ್ಟಿಲು ಹತ್ತುತ್ತಿದ್ದಳು.

ಎಂಟನೆಯ ದಿನ ಅಕ್ಕ ನನ್ನನ್ನು ಕರೆದಳು.

"ತಮ್ಮಾ, ಎಡಗಾಲ ಮೀನಖಂಡ ಭಾಳ ನೋಯಾಕತ್ತದ. ಒಂದಿಷ್ಟು ಬಿಚ್ಚೊ."

"ಇನ್ನ ನಾಕ ದಿನ ಅಕ್ಕಾ. ಬೋರ್ಡಿನ್ಯಾಗ ಅದ."

"ಆ ಬೋರ್ಡ್ ಬರ್ದಾವ ಒಂದಿನ ಹಿಂಗ ಮಲಗ್ಯಾನೇನು?"

ಮಾನ್ಯರೇ, ಈ ಪ್ರಶ್ನೆ ಕೇಳಿದ್ದು ನನ್ನನ್ನಲ್ಲ, ನಿಮ್ಮನ್ನು. ನಾನು ಸುಮ್ಮನೆ ದಾಟಿಸುತ್ತಿದ್ದೇನೆ. ಹನ್ನೆರಡು ದಿನ ಬೇಡ, ಒಂದು ಹಗಲು ನಿಮ್ಮ ಬಂಗಲೆಯಲ್ಲಿ ಕಾಲು ಕಟ್ಟಿಸಿಕೊಂಡು ಅಂಗಾತ ಮಲಗಿ ನೋಡಿ. ಸಂಜೆ ಎದ್ದ ಮೇಲೆ ನಿಯಮಕ್ಕೆ ಸಹಿ ಮಾಡಿ.

ಅವ್ವ ಬಿಸಿ ಎಣ್ಣೆ ಹಚ್ಚಿ ಆ ಕಾಲನ್ನು ಮೇಲಿಂದ ಕೆಳಕ್ಕೆ ಚೆನ್ನಾಗಿ ತಿಕ್ಕಿದಳು, ಮತ್ತೆ ಕಟ್ಟಿದಳು. ಎಡಗಾಲು ಬಲಗಾಲಿಗಿಂತ ಊದಿತ್ತು. ನರ್ಸಬಾಯಿಗೆ ಹೇಳಿದರೆ "ಮಲಗಿ ಮಲಗಿ ಹಂಗಾಗ್ತದ" ಎಂದರು. ಎಷ್ಟು ನಿಜ ಹೇಳಿದರು ಎಂದು ಅವರಿಗೂ ಗೊತ್ತಿರಲಿಲ್ಲ. ಡಾಕ್ಟರರು ಬಂದಾಗ ಹೊಟ್ಟೆಯ ಗಾಯ ನೋಡಿದರು, ನಾಲಿಗೆ ನೋಡಿದರು. ಸೀರೆ ಬಿಚ್ಚಿ ಕಾಲು ನೋಡುವುದು ಯಾರ ಕೆಲಸವೂ ಆಗಿರಲಿಲ್ಲ.

ಹನ್ನೆರಡನೆಯ ದಿನ ಶನಿವಾರ ಬಂತು. ಅವ್ವ ಒಪ್ಪಲಿಲ್ಲ. ಮೊದಲ ಹೆಜ್ಜೆ ಸೋಮವಾರವೇ ಇಡಲಿ, ಶಿವನ ವಾರ ಎಂದಳು. ಇಂಥದ್ದಕ್ಕೆಲ್ಲ ಜಗಳ ಕಾಯುವ ನಾನು ಅಂದು ಜಗಳ ಕಾಯಲಿಲ್ಲ. ಎರಡು ದಿನ ಹೆಚ್ಚು ಮಲಗಿದರೆ ಒಳ್ಳೆಯದೇ ಅಲ್ಲವೇ, ನಿಯಮವೇ ಹಾಗೆನ್ನುತ್ತದಲ್ಲ. ಆಸ್ಪತ್ರೆಯವರೂ ಹೂಂ ಎಂದರು. ನಮ್ಮ ಭಕ್ತಿ ಮತ್ತು ನಿಮ್ಮ ನಿಯಮ ಅಷ್ಟು ಚೆನ್ನಾಗಿ ಒಂದಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಡುವೆ ಹೊಲ ನೋಡಲು ಊರಿಗೆ ಹೋಗಿದ್ದ ಭಾವ ಸೋಮವಾರ ಬೆಳಗ್ಗೆ ಮರಳಿ ಬಂದ. ಅವ್ವ ಗಂಟು ಬಿಚ್ಚಿದಳು. ಅಕ್ಕ ಭಾವನ ಭುಜ ಹಿಡಿದು ನಿಂತಳು. "ನೆಲಾ ತಣ್ಣಗ ಎಷ್ಟ್ ಚೊಲೊ ಅದ" ಎಂದಳು. ಕಿಟಕಿಯ ಕಡೆಗೆ ನಾಲ್ಕು ಹೆಜ್ಜೆ ಇಟ್ಟಳು. ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡಳು. "ಉಸರು ಬರವಲ್ದು ನೋಡ್ರಿ" ಎಂದು ಭಾವನಿಗೆ ಹೇಳಿದಳು, ಏನೋ ಸಣ್ಣ ವಿಷಯ ಹೇಳಿದ ಹಾಗೆ. ತುಟಿ ನೀಲಿಯಾಯಿತು. ಡಾಕ್ಟರರು ಗಂಡಸರ ವಾರ್ಡಿನಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾಗದದ ಮೇಲೆ 'ಹೃದಯ ನಿಂತು ಮರಣ' ಎಂದು ಬರೆದುಕೊಟ್ಟರು. ಯಾರ ಹೃದಯ ನಿಲ್ಲದೆ ಮರಣ ಬಂದಿದೆ?

ಗಾಯಕ್ಕೆ ಪಟ್ಟಿ ಕಟ್ಟುವ ಗುಲಾಮ ದಸ್ತಗೀರ ಎಂಬ ಹಿರಿಯರು ನಮ್ಮನ್ನು ಗೇಟಿನ ತನಕ ಬಿಡಲು ಬಂದರು. ಅಲ್ಲಿ ನಿಂತು, ಹೇಳಲೋ ಬೇಡವೋ ಎಂದು ತಡೆದು ಹೇಳಿದರು: "ಬೇಟಾ, ಇಪ್ಪತ್ತು ವರ್ಷ ಆತು ನಾ ಇಲ್ಲಿ. ಹಿಂಗ ಹೋದೋರ್ನ ಆರೇಳು ಮಂದೀನ ನೋಡೀನಿ. ಎಲ್ಲಾ ಚಲೋ ಆಗಿರ್ತದ. ಏಳೋ ದಿನಾನೇ ಹೋಗ್ತಾರ. ಯಾಕಂತ ಅಲ್ಲಾಗ ಗೊತ್ತು."

ಯಾಕೆ ಎಂಬುದು ಅಲ್ಲಾನ ಜೊತೆಗೆ ಇನ್ನೂ ಕೆಲವರಿಗೆ ಗೊತ್ತಿತ್ತು. ಮೂರು ವಾರದ ಮೇಲೆ ವಾಡಿ ಸ್ಟೇಷನ್ನಿನಲ್ಲಿ ಗಾಡಿ ಕಾಯುವಾಗ, ಜೊತೆಗೆ ಕೂತಿದ್ದ ಮುಂಬಯಿ ಕಡೆಯ ಒಬ್ಬರು ಓದಿ ಬೆಂಚಿನ ಮೇಲಿಟ್ಟ ಹದಿನಾರು ಪುಟದ ಮರಾಠಿ ಕರಪತ್ರ ನನ್ನ ಕೈಗೆ ಬಂತು. ಶಸ್ತ್ರಕ್ರಿಯೆಯಾದವರು ಯಾವಾಗ ಏಳಬೇಕು ಎಂಬ ವಿಷಯ. ಅದರಲ್ಲಿ ಬರೆದಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕಾಲಿನ ರಕ್ತ ತಾನಾಗಿ ಮೇಲೆ ಹತ್ತುವುದಿಲ್ಲ, ಮೀನಖಂಡ ಆಡಿದಾಗ ಅದು ರಕ್ತವನ್ನು ಹಿಂಡಿ ಮೇಲಕ್ಕೆ ಕಳಿಸುತ್ತದೆ. ದಿನಗಟ್ಟಲೆ ಆಡದ ಕಾಲಿನಲ್ಲಿ ರಕ್ತ ನಿಂತು ಮೊಸರಿನಂತೆ ಹೆಪ್ಪುಗಟ್ಟುತ್ತದೆ. ಮೊಣಕಾಲ ಕೆಳಗೆ ದಿಂಬಿಟ್ಟರೆ ನರ ಒತ್ತಿ ಇನ್ನೂ ಬೇಗ ಕಟ್ಟುತ್ತದೆ. ಒಂದು ಕಾಲು ಊದುವುದು, ಮೀನಖಂಡ ನೋಯುವುದು ಅದರ ಗುರುತು. ಆಗ ತಿಕ್ಕಬಾರದು. ತಿಕ್ಕಿದರೂ, ಬಹಳ ದಿನದ ಮೇಲೆ ಒಮ್ಮೆಲೆ ಎದ್ದು ನಿಂತರೂ, ಹೆಪ್ಪಿನ ತುಂಡು ಕಿತ್ತುಕೊಂಡು ರಕ್ತದ ಜೊತೆ ಹೋಗಿ ಪುಪ್ಪುಸದಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಉಸಿರಿಲ್ಲ.

ಪ್ಲಾಟ್‌ಫಾರಂ ಮೇಲೆ ನಿಂತೇ ಓದಿದೆ. ಅವ್ವ ಮತ್ತು ನಾನು ಮಾಡಿದ ಒಂದೊಂದು ಕೆಲಸವೂ ಅದರಲ್ಲಿತ್ತು, ಮಾಡಬಾರದವುಗಳ ಸಾಲಿನಲ್ಲಿ. ಅವ್ವನಿಗೆ ಈ ತನಕ ಹೇಳಿಲ್ಲ. ಅವಳಿಗೆ ಓದಲು ಬಾರದು ಎಂಬುದು ಮೊದಲ ಬಾರಿಗೆ ನನಗೆ ಸಮಾಧಾನ ಕೊಟ್ಟಿದೆ.

ಕರಪತ್ರ ಹಿಡಿದು ನಿಮ್ಮ ಡಾಕ್ಟರರ ಬಳಿ ಹೋದೆ. ಒದ್ದು ಹೊರಹಾಕಬಹುದಿತ್ತು, ಅವರು ಕುರ್ಚಿ ಕೊಟ್ಟರು.

"ಇದೆಲ್ಲಾ ನನಗ ಗೊತ್ತದ, ಸಂಗಣ್ಣ" ಎಂದರು. "ದೊಡ್ಡ ಶಹರದಾಗ ಮರುದಿನಾನೇ ಎಬ್ಬಿಸಾಕತ್ತಾರ. ಅಲ್ಲಿ ಎದ್ದೋರಿಗೆ ಹೊಲಿಗೀನೂ ಹರದಿಲ್ಲ, ಕಫಾ ಕಟ್ಟಿ ಜ್ವರ ಬರೋದೂ ಕಮ್ಮಿ, ಬೆನ್ನ ಹುಣ್ಣೂ ಇಲ್ಲ."

"ಮತ್ತ ನೀವ್ಯಾಕ ಎಬ್ಬಿಸಂಗಿಲ್ರಿ?"

ಅವರು ಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದರು: "ನಾ ಎಬ್ಬಿಸಿ ಒಂದು ಹೊಲಿಗಿ ಹರದ್ರ, ನಿಯಮ ಯಾಕ ಮುರದಿ ಅಂತ ನನ್ನ ಕೇಳ್ತಾರ. ಮಲಗಿಸಿ ಹತ್ತು ಮಂದಿ ಸತ್ರ ಯಾರೂ ಕೇಳಂಗಿಲ್ಲ. ಅದು ದೇವರ ಖಾತೆಗೆ ಹೋಗ್ತದ."

ಈ ಮಾತಿಗೆ ನಾನು ಅವರನ್ನು ಹೇಡಿ ಎಂದೆ. ಮನೆಗೆ ಬಂದ ಮೇಲೆ, ನೀರಿಗಾಗಿ ಎದ್ದ ಹೆಂಗಸಿನ ಮೇಲೆ ದೂರು ಕೊಟ್ಟವನು ಯಾರೆಂದು ನೆನಪಾಗಿ ಆ ಮಾತನ್ನು ಮನಸ್ಸಿನಲ್ಲೇ ವಾಪಸು ತೆಗೆದುಕೊಂಡೆ. ಆದರೆ ಮಾನ್ಯರೇ, ಡಾಕ್ಟರರು ಹೇಳಿದ್ದನ್ನು ನೀವು ಎರಡು ಸಲ ಓದಬೇಕು. ಹರಿದ ಹೊಲಿಗೆ ಕಣ್ಣಿಗೆ ಕಾಣುತ್ತದೆ, ಅದಕ್ಕೊಬ್ಬ ಆರೋಪಿ ಸಿಗುತ್ತಾನೆ, ವಿಚಾರಣೆ ನಡೆಯುತ್ತದೆ. ಹೆಪ್ಪುಗಟ್ಟಿದ ರಕ್ತ ಕಾಣುವುದಿಲ್ಲ, ಆದ್ದರಿಂದ ಆರೋಪಿಯೂ ಇಲ್ಲ. ಕಾಣುವ ತಪ್ಪಿಗೆ ಹೆದರಿ ಕಾಣದ ಸಾವನ್ನು ಒಪ್ಪಿಕೊಳ್ಳುವುದಕ್ಕೆ ನಿಮ್ಮ ಕಚೇರಿಯಲ್ಲಿ ಏನು ಹೆಸರಿದೆಯೋ ನನಗೆ ತಿಳಿಯದು. ಇಪ್ಪತ್ತು ವರ್ಷದಲ್ಲಿ ಪಟ್ಟಿ ಕಟ್ಟುವವರ ಕಣ್ಣಿಗೆ ಬಿದ್ದ ಆರೇಳು ಜನ, ನಿಮ್ಮ ವರದಿಗಳಲ್ಲಿ ಒಮ್ಮೆಯೂ ಬೀಳಲಿಲ್ಲವೇ? ಅಥವಾ 'ಹೃದಯ ನಿಂತು ಮರಣ' ಎಂಬ ಒಂದೇ ಗೋರಿಯಲ್ಲಿ ಅವರೆಲ್ಲರನ್ನೂ ಹೂಳಿ ಮುಗಿಸಿದಿರೋ?

ಎದ್ದವರೆಲ್ಲ ಬದುಕುತ್ತಾರೆ ಎಂದು ನಾನು ಹೇಳುವುದಿಲ್ಲ. ಕರಪತ್ರವೂ ಹೇಳುವುದಿಲ್ಲ. ಬಹಳ ನಿತ್ರಾಣವಾದವರು, ಗಾಯ ಕೀತವರು ಮಲಗಲೇಬೇಕಾದೀತು. ಅದನ್ನು ಡಾಕ್ಟರರು ರೋಗಿಯನ್ನು ನೋಡಿ ತೀರ್ಮಾನಿಸಲಿ, ಗೋಡೆ ತೀರ್ಮಾನಿಸುವುದು ಬೇಡ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳೂ ಬಂದಿವೆಯಂತೆ, ಅದನ್ನು ಕೊಟ್ಟರೆ ಮೇಲಿಂದ ಮೇಲೆ ರಕ್ತ ಪರೀಕ್ಷೆ ಮಾಡುತ್ತಿರಬೇಕಂತೆ. ಅಂಥದ್ದನ್ನು ಈ ಮೂಲೆಯ ಜಿಲ್ಲೆಗೆ ಇಂದೇ ತರಿಸಿ ಎಂದು ನಾನು ಹಟ ಹಿಡಿದಿಲ್ಲ. ನಾನು ಕೇಳುತ್ತಿರುವುದು ಹಡಗಿನಲ್ಲಿ ಬರಬೇಕಾದ ವಸ್ತುವಲ್ಲ, ಪ್ರತಿ ರೋಗಿಯೂ ಊರಿನಿಂದಲೇ ತನ್ನ ಜೊತೆ ತರುವಂಥದ್ದು: ಎರಡು ಕಾಲು. ಅವನ್ನು ಆಡಿಸಲು ಬಿಡಿ. ಎಚ್ಚರವಾದ ಕೂಡಲೇ ಪಾದ ಮೇಲೆ ಕೆಳಗೆ ಮಾಡಲಿ, ದೀರ್ಘವಾಗಿ ಉಸಿರೆಳೆಯಲಿ, ಮಗ್ಗುಲಾಗಲಿ. ಎರಡನೆಯ ದಿನ ಇಬ್ಬರು ಹಿಡಿದು ನಿಲ್ಲಿಸಲಿ. ದಿನಕ್ಕೊಮ್ಮೆ ಯಾರಾದರೂ ಹೊದಿಕೆ ಸರಿಸಿ ಎರಡೂ ಮೀನಖಂಡ ನೋಡಲಿ. ಇಷ್ಟಕ್ಕೆ ಯಾವ ಪಂಚವಾರ್ಷಿಕ ಯೋಜನೆ ಬೇಕು?

ಈಗ ಭಾವನ ಮಾತು. ಅವನನ್ನು ಒಪ್ಪಿಸಲು ಮೂರು ಸಲ ಐನಾಪುರಕ್ಕೆ ಹೋದೆ. ಮೂರನೆಯ ಸಲ ಅವನು ಜಗುಲಿಯ ಮೇಲೆ ಬಟ್ಟೆಯಿಂದ ತೊಡೆಯ ಸಂದು ಬಿಗಿದುಕೊಂಡು ಕೂತಿದ್ದ. ಬಿತ್ತನೆ ಹತ್ತಿರ ಬಂದಿದೆ, ಕೂರಿಗೆ ಎತ್ತಲು ಆಗುವುದಿಲ್ಲ.

"ಕೊಯ್ಸಿಕೊಳ್ಳಾಕ ನನಗ ಅಂಜಿಕಿಲ್ಲೊ" ಎಂದ. "ಮಲಗಾಕ ಅಂಜಿಕಿ."

"ನಾ ಮಲಗಸಗೊಡಂಗಿಲ್ಲ. ನಾನೇ ಎಬ್ಬಸ್ತೀನಿ."

"ನೀನು?" ಎಂದು ನನ್ನ ಮುಖ ನೋಡಿದ. ಸಡಿಲಾದ ಬಟ್ಟೆಯನ್ನು ಮತ್ತೆ ಬಿಗಿದುಕೊಂಡ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆಮೇಲೆ ಬೇರೆ ಕಡೆ ನೋಡುತ್ತ ಹೇಳಿದ: "ಎರಡನೇ ದಿನ ಎಬ್ಬಸ್ತೀವಿ ಅಂತ ದೊಡ್ಡ ಸಾಹೇಬ್ರ ಸಹಿ ಮಾಡಿದ ಕಾಗದ ತಗೊಂಡು ಬಾ. ನೀನೇ ಓದು. ಬರ್ತೀನಿ."

ಆದ್ದರಿಂದ ಮಾನ್ಯರೇ, ಬೇಡಿಕೆ ಇದು. ಹೊಟ್ಟೆಯ ಶಸ್ತ್ರಕ್ರಿಯೆಯಾದ ರೋಗಿಗಳನ್ನು ಡಾಕ್ಟರರ ವಿವೇಚನೆಯಂತೆ ಎರಡನೆಯ ದಿನದಿಂದ ಎಬ್ಬಿಸಬಹುದು. ಹಾಗೆ ಎಬ್ಬಿಸಿದ ಡಾಕ್ಟರರು, ದಾದಿಯರು ಅಥವಾ ಸಂಬಂಧಿಕರನ್ನು ಅಪರಾಧಿಗಳೆಂದು ಎಣಿಸತಕ್ಕದ್ದಲ್ಲ. ಈ ಎರಡು ಸಾಲಿನ ಕೆಳಗೆ ನಿಮ್ಮ ಸಹಿ, ಮೊಹರು. ಜೂನ್ ೧೭ಕ್ಕಿಂತ ಮೊದಲು. ಅಕ್ಕನ ವಿಷಯದಲ್ಲಿ ವಿಚಾರಣೆ ಕೇಳುವುದಿಲ್ಲ. ವಿಚಾರಣೆ ನಡೆದರೆ ನಾನೂ ನಿಮ್ಮ ಪಕ್ಕದಲ್ಲೇ ನಿಲ್ಲಬೇಕಾಗುತ್ತದೆ.

ಒಂದು ಮಾತು ಮುಚ್ಚಿಡದೆ ಹೇಳಿಬಿಡುತ್ತೇನೆ. ಭಾವನಿಗೆ ಅಕ್ಷರ ಬಾರದು. ಯಾವುದೋ ಒಂದು ಕಾಗದದ ಮೇಲೆ ಉರ್ದುವಿನಲ್ಲಿ ನಾಲ್ಕು ಗೆರೆ ಎಳೆದು, ಕೆಂಪು ಮಸಿಯಲ್ಲಿ ಮೊಹರಿನಂಥದ್ದೊಂದನ್ನು ಒತ್ತಿ, ಇದೇ ಸಾಹೇಬರ ಹುಕುಂ ಎಂದು ಓದಿದರೆ ಅವನು ನಾಳೆಯೇ ಬಂಡಿ ಹೂಡಿಸುತ್ತಾನೆ. ಒಮ್ಮೆ ಹಾಳೆ, ಮಸಿ ಎರಡನ್ನೂ ಮುಂದಿಟ್ಟುಕೊಂಡು ಕೂತೂ ಇದ್ದೆ. ಇಷ್ಟೆಲ್ಲ ಆದ ಮೇಲೂ ಅವನು ನನ್ನ ಓದನ್ನು ನಂಬುತ್ತಾನಲ್ಲ ಎಂಬುದು ನೆನಪಾಗಿ ಕೈ ಏಳಲಿಲ್ಲ. ಕಾಗದ ನೀವೇ ಕಳಿಸಿ. ಅದರಲ್ಲಿ ಇದ್ದದ್ದನ್ನು ಇದ್ದ ಹಾಗೆ ಅವನಿಗೆ ಓದಿ ಹೇಳುತ್ತೇನೆ.

ಇಂತಿ,
ಅಚ್ಚಾದದ್ದನ್ನೆಲ್ಲ ನಂಬುವ ಚಟವನ್ನು ತಡವಾಗಿ ಬಿಟ್ಟ,
ಸಂಗಣ್ಣ
ಆಡಕಿ, ಸೇಡಂ ತಾಲೂಕು
ಮೇ ೧೯೫೪